ಕಂಬಳಿಯೊಳಗೆ ಬೆವರುವ ವೆನಿಲ್ಲಾ

ಹಸಿ ವೆನಿಲ್ಲಾ ಕೋಡನ್ನು ಮುರಿದು ಮೂಗಿಗೆ ಹಿಡಿದರೆ ಹುರುಳಿಕಾಯಿಯಷ್ಟೂ ವಾಸನೆ ಬರುವುದಿಲ್ಲ. ಐಸ್‌ಕ್ರೀಮಿನ ನೆನಪು ತರುವ ಆ ಕಂಪು ಬಳ್ಳಿಯಲ್ಲಿ ಹುಟ್ಟುವುದಲ್ಲ. ಕೊಯ್ದ ಮೇಲೆ ಬಿಸಿನೀರು, ಕಂಬಳಿ, ಬಿಸಿಲು, ನೆರಳು ಎಂದು ಆರು ತಿಂಗಳಿಗೂ ಹತ್ತಿರ ಸಾಕಿ ಸಲಹಿದ ನಂತರ ಬರುವಂಥದ್ದು. ಮಲೆನಾಡು, ಕರಾವಳಿಗಳಲ್ಲಿ ವೆನಿಲ್ಲಾದ ಮಾತೆತ್ತಿದರೆ ಈಗಲೂ ಮೊದಲು ಬರುವುದು ದರದ ಕತೆ. ನನಗೆ ಆ ಕತೆಗಿಂತ ಕೊಯ್ಲಿನ ನಂತರದ ಈ ಕಸುಬೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಬೆಳೆಗಾರರಲ್ಲಿ ಹೆಚ್ಚಿನವರಿಗೆ ಕಲಿಯಲು ಪುರಸೊತ್ತು ಸಿಗದೇ ಹೋದದ್ದೂ ಅದೇ.

ದರದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬೆಳೆಯುವುದು ಮಡಗಾಸ್ಕರದ ಈಶಾನ್ಯ ಭಾಗದಲ್ಲಿ. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಅಲ್ಲಿನ ತೋಟಗಳನ್ನು ನೆಲಕ್ಕೊರಗಿಸಿತು. ಮಾಲು ಸಿಗದೆ ದರ ಏರಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಬೀನ್ಸೇ, ಅಂದರೆ ಹಸಿ ಕೋಡೇ, ಕಿಲೋಗೆ 3,000 ರೂಪಾಯಿ ದಾಟಿತ್ತು. ಅಡಿಕೆ ತೋಟದ ನಡುವೆ ಬಳ್ಳಿ ಹಬ್ಬಿಸಲು ಗ್ಲಿರಿಸಿಡಿಯಾ ಗೂಟಗಳು ಎದ್ದವು, ಬಳ್ಳಿಯ ತುಂಡುಗಳು ಮೀಟರ್ ಲೆಕ್ಕದಲ್ಲಿ ಮಾರಾಟವಾದವು, ರಾತ್ರಿ ತೋಟ ಕಾಯುವ ಕೆಲಸವೂ ಬಂತು. ಆದರೆ ಬಳ್ಳಿ ನೆಟ್ಟು ಹೂ ಕಾಣಲು ಮೂರು ವರ್ಷವಾದರೂ ಬೇಕು. ದರ ನೋಡಿ ನೆಟ್ಟವರ ಕೋಡು ಬಲಿಯುವಷ್ಟರಲ್ಲಿ ಮಡಗಾಸ್ಕರ ಚೇತರಿಸಿಕೊಂಡಿತ್ತು. ದುಬಾರಿ ಸರಕಿಗೆ ಬೇಸತ್ತ ಆಹಾರ ಕಂಪನಿಗಳು ವೆನಿಲ್ಲಾ ಕಂಪಿನ ಮುಖ್ಯ ಅಂಶವಾದ ವೆನಿಲಿನ್‌ನ ಕೃತಕ ರೂಪದತ್ತ ಹೊರಳಿದ್ದವು. ಹಸಿ ಬೀನ್ಸ್ ನೂರು ರೂಪಾಯಿಗೂ ಕೆಳಗಿಳಿಯಿತು. ಆಮೇಲೆ ಎಷ್ಟೋ ತೋಟಗಳಲ್ಲಿ ಉಳಿದ ಬಳ್ಳಿಯನ್ನು ಬೇರು ಕೊಳೆ, ಕಾಂಡ ಕೊಳೆ ಮುಗಿಸಿದವು.

ಇನ್ನು ಬಳ್ಳಿಯ ಕತೆ. ವೆನಿಲ್ಲಾ ಒಂದು ಆರ್ಕಿಡ್. ತವರು ಮೆಕ್ಸಿಕೊ, ವೆರಾಕ್ರೂಜ್ ಸೀಮೆಯ ಟೊಟೊನಾಕ್ ಜನ ಇದನ್ನು ಮೊದಲು ಬೆಳೆಸಿದವರು. ಯುರೋಪಿನವರು ಬಳ್ಳಿಯನ್ನು ಬೇರೆ ಖಂಡಗಳಿಗೆ ಒಯ್ದರು, ಅದು ಸೊಂಪಾಗಿ ಹಬ್ಬಿತು, ಹೂವನ್ನೂ ಬಿಟ್ಟಿತು. ಕಾಯಿ ಮಾತ್ರ ಕಚ್ಚಲಿಲ್ಲ. ಹೂವಿನೊಳಗೆ ಗಂಡು ಹೆಣ್ಣು ಭಾಗಗಳ ನಡುವೆ ಒಂದು ತೆಳು ಪೊರೆ ಅಡ್ಡ ಇದೆ, ತಾನಾಗಿ ಪರಾಗಸ್ಪರ್ಶ ಆಗದು. 1836ರಲ್ಲಿ ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಕೈಯಿಂದ ಪರಾಗಸ್ಪರ್ಶ ಮಾಡಿ ತೋರಿಸಿದರೂ ತೋಟಕ್ಕೆ ಒಗ್ಗುವ ಸರಳ ವಿಧಾನ ಸಿಕ್ಕಿದ್ದು 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ. ಕಂಡುಹಿಡಿದವನು ಎಡ್ಮಂಡ್ ಎಂಬ ಹನ್ನೆರಡರ ಗುಲಾಮ ಹುಡುಗ. ಸಣ್ಣ ಕಡ್ಡಿಯಿಂದ ಆ ಪೊರೆಯನ್ನು ಮೇಲೆತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತುವುದು, ಅಷ್ಟೇ. 1848ರಲ್ಲಿ ದಾಸ್ಯ ರದ್ದಾದಾಗ ಅವನಿಗೆ ಆಲ್ಬಿಯಸ್ ಎಂಬ ಕುಲನಾಮ ಸಿಕ್ಕಿತು. ದ್ವೀಪಕ್ಕೆ ಸಿಕ್ಕ ಸಂಪತ್ತಿನಲ್ಲಿ ಪಾಲು ಸಿಗಲಿಲ್ಲ. 1880ರಲ್ಲಿ ಬಡತನದಲ್ಲೇ ತೀರಿಕೊಂಡ.

ಇವತ್ತಿಗೂ ಪರಾಗಸ್ಪರ್ಶದ ವಿಧಾನ ಅದೇ. ನಮ್ಮಲ್ಲಿ ಹೂವಿನ ಕಾಲ ಸುಮಾರಾಗಿ ಡಿಸೆಂಬರಿನಿಂದ ಮಾರ್ಚ್. ಒಂದೊಂದು ಹೂವು ಅರಳಿರುವುದು ಒಂದೇ ಬೆಳಗು. ಮಧ್ಯಾಹ್ನದೊಳಗೆ ಕಡ್ಡಿ ಹಿಡಿದು ಮುಗಿಸಬೇಕು. ಗೊಂಚಲಿನಲ್ಲಿ ಹದಿನೈದು ಇಪ್ಪತ್ತು ಹೂವಿದ್ದರೂ ಎಂಟು ಹತ್ತಕ್ಕೆ ಕೈ ತಡೆಯುವವನೇ ಜಾಣ, ಎಲ್ಲಕ್ಕೂ ಕಡ್ಡಿ ತಾಗಿಸಿದರೆ ಕೋಡು ಸಣಕಲಾಗಿ ಬಳ್ಳಿ ಸೊರಗುತ್ತದೆ. ಬಳ್ಳಿಯ ರಸ ಮೈಗೆ ತಾಗಿದರೆ ತುರಿಕೆ, ಅದೂ ಲೆಕ್ಕದಲ್ಲಿರಲಿ. ಕೋಡು ಬಲಿಯಲು ಒಂಬತ್ತು ತಿಂಗಳಾದರೂ ಬೇಕು. ತುದಿ ಹಳದಿಗೆ ತಿರುಗಿದಾಗ ಕೊಯ್ಯಬೇಕು. ತಡವಾದರೆ ಒಡೆಯುತ್ತದೆ, ಬೇಗ ಕೊಯ್ದರೆ ಕಂಪಿನ ಮೂಲದ್ರವ್ಯವೇ ಅದರಲ್ಲಿ ಕೂಡಿರುವುದಿಲ್ಲ. ದರ ಏರಿದ ವರ್ಷಗಳಲ್ಲಿ ಕಳ್ಳರಿಗೆ ಹೆದರಿ ಎಳೆ ಕೋಡನ್ನೇ ಕೊಯ್ದದ್ದು ಇಲ್ಲೂ ಉಂಟು, ಮಡಗಾಸ್ಕರದಲ್ಲೂ ಉಂಟು. ಅಲ್ಲಿಯ ರೈತರು ಹಸಿ ಕೋಡಿನ ಮೇಲೆ ಸೂಜಿಯಿಂದ ತಮ್ಮ ಗುರುತು ಚುಚ್ಚಿಡುತ್ತಾರೆ. ಒಣಗಿದ ಮೇಲೂ ಆ ಚುಕ್ಕಿಗಳು ಉಳಿಯುತ್ತವೆ, ಯಾರ ಮಾಲು ಎಂದು ಹೇಳುತ್ತವೆ.

ಈಗ ಸಂಸ್ಕರಣೆ, ಬೆಳೆಗಾರರ ಬಾಯಲ್ಲಿ ಕ್ಯೂರಿಂಗ್. ಬಲಿತ ಕೋಡಿನಲ್ಲಿ ವೆನಿಲಿನ್ ಸಕ್ಕರೆಯ ಅಣುವಿಗೆ ಕಟ್ಟಿಹಾಕಿಕೊಂಡು ಕೂತಿರುತ್ತದೆ. ಅದನ್ನು ಬಿಡಿಸುವ ಕಿಣ್ವವೂ ಕೋಡಿನಲ್ಲೇ ಇದೆ, ಆದರೆ ಬೇರೆ ಕಡೆ. ಎರಡನ್ನೂ ಸೇರಿಸಬೇಕಾದರೆ ಜೀವಕೋಶಗಳ ಗೋಡೆ ಮುರಿಯಬೇಕು. ಅದಕ್ಕೆ ಕೋಡನ್ನು ಬುಟ್ಟಿಯಲ್ಲಿಟ್ಟು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಮೂರು ನಿಮಿಷ ಅದ್ದುತ್ತಾರೆ. ಕಸುಬಿನವರು ಇದಕ್ಕೆ ‘ಕಿಲ್ಲಿಂಗ್’ ಅಂತಲೇ ಹೇಳುವುದು. ಕೋಡಿನ ಜೀವ ಹೋಗಬೇಕು, ಕಿಣ್ವ ಉಳಿಯಬೇಕು. ನೀರು ಕುದಿಯಿತೋ ಕಿಣ್ವವೂ ಸತ್ತು, ಮುಂದೆ ಎಷ್ಟು ತಿಂಗಳು ಕಾದರೂ ಕೈಗೆ ಬರುವುದು ಬರೀ ಒಣಗಿದ ಕೋಡು. ಇಡೀ ಕಸುಬು ಆ ಎರಡು ಡಿಗ್ರಿಗಳ ಅಂತರದಲ್ಲಿದೆ ಎಂದರೂ ತಪ್ಪಿಲ್ಲ.

ನೀರಿನಿಂದ ತೆಗೆದ ಬಿಸಿ ಕೋಡನ್ನು ಕೂಡಲೇ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ತುಂಬಬೇಕು. ಒಂದೆರಡು ದಿನ ಅದು ತನ್ನ ಬಿಸಿಯಲ್ಲೇ ಬೆವರುತ್ತದೆ. ಪೆಟ್ಟಿಗೆ ತೆರೆದಾಗ ಹಸಿರು ಹೋಗಿ ಕಂದು ಬಣ್ಣ ಬಂದಿರುತ್ತದೆ, ಮೊದಲ ಪರಿಮಳವೂ. ಆಮೇಲೆ ಒಂದೆರಡು ವಾರ ದಿನಚರಿ ಒಂದೇ: ಬಿಸಿಲೇರಿದ ಮೇಲೆ ಕಂಬಳಿ ಹಾಸಿ ಕೆಲವು ತಾಸು ಕೋಡು ಹರವುವುದು, ಬಿಸಿಯಾಗಿರುವಾಗಲೇ ಸುತ್ತಿ ಪೆಟ್ಟಿಗೆಗೆ ಸೇರಿಸುವುದು. ಮೋಡ ಮುಚ್ಚಿದರೆ ಕೆಲಸ ನಿಲ್ಲುತ್ತದೆ. ಕೊಯ್ಲಿನ ಮೊದಲ ಬುಟ್ಟಿ ಮಳೆಗಾಲದ ಬಾಲಕ್ಕೇ ಬಂದುಬಿಡುವ ನಮ್ಮ ಊರುಗಳಲ್ಲಿ ಇದು ಸಣ್ಣ ತೊಡಕಲ್ಲ. ಮುಂದೆ ಗಾಳಿಯಾಡುವ ಕೋಣೆಯ ನೆರಳಿನಲ್ಲಿ ಎರಡು ಮೂರು ತಿಂಗಳು ನಿಧಾನವಾಗಿ ಆರಿಸಬೇಕು. ದಿನವೂ ನೋಡಿ, ಬೆರಳಿನಿಂದ ನೇವರಿಸಿ ನೆಟ್ಟಗೆ ಮಾಡಿ, ಬೂಸಲು ಕಂಡದ್ದನ್ನು ಬೇರೆ ತೆಗೆಯುವುದು. ಕೊನೆಗೆ ಉದ್ದದ ಪ್ರಕಾರ ವಿಂಗಡಿಸಿ, ಕಟ್ಟು ಕಟ್ಟಿ, ಮೇಣದ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಮತ್ತೆ ಮೂರು ತಿಂಗಳು ಮಾಗಲು ಬಿಡುವುದು. ಐದಾರು ಕಿಲೋ ಹಸಿ ಬೀನ್ಸಿಗೆ ಒಂದು ಕಿಲೋ ಒಣ ಬೀನ್ಸ್. ಹಸಿಯದನ್ನು ಕೊಯ್ದ ಕೆಲವೇ ದಿನಗಳಲ್ಲಿ ಸಿಕ್ಕಿದ ದರಕ್ಕೆ ಕೊಡಬೇಕು, ಮಾಗಿದ್ದನ್ನು ವರ್ಷಗಟ್ಟಲೆ ಇಟ್ಟು ದರಕ್ಕಾಗಿ ಕಾಯಬಹುದು. ದರ ಏರಿದ್ದ ಕಾಲದಲ್ಲಿ ವ್ಯಾಪಾರಿಗಳು ತೋಟದ ಬಾಗಿಲಲ್ಲೇ ಸಾವಿರಗಟ್ಟಲೆ ಎಣಿಸಿಕೊಡುತ್ತಿದ್ದಾಗ ಆರು ತಿಂಗಳ ಈ ರಗಳೆ ಯಾರಿಗೆ ಬೇಕಿತ್ತು?

ಒಳ್ಳೆಯ ಕೋಡು ಎಣ್ಣೆ ಸವರಿದಂತೆ ಮಿನುಗುತ್ತದೆ, ಬೆರಳಿಗೆ ಸುತ್ತಿದರೆ ಮುರಿಯದು. ಅದನ್ನು ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಯಲ್ಲಿ, ಬೆಳಕು ತಾಗದ ತಂಪು ಕಪಾಟಿನಲ್ಲಿಡಿ. ಫ್ರಿಜ್ ಬೇಡ, ಅಲ್ಲಿ ಒಣಗಿ ಕಟ್ಟಿಗೆಯಾಗುತ್ತದೆ ಇಲ್ಲವೇ ಬೂಸಲು ಹಿಡಿಯುತ್ತದೆ. ಕೆಲವೊಮ್ಮೆ ಕೋಡಿನ ಮೈಮೇಲೆ ಬಿಳಿ ಕಾಣಿಸುತ್ತದೆ. ಸೂಜಿಯಂತೆ ಹೊಳೆಯುವ ಹರಳಾದರೆ ಅದು ಹೊರಬಂದ ವೆನಿಲಿನ್ನೇ, ಖುಷಿಪಡಿ. ಮಂಕಾಗಿ ಹತ್ತಿಯಂತೆ ಹರಡಿ ಕಮಟು ವಾಸನೆ ಬಂದರೆ ಎಸೆಯುವುದೇ ದಾರಿ.

ಅಂಗಡಿಯ ಪುಟ್ಟ ಬಾಟಲಿಯ ಎಸೆನ್ಸಿಗೂ ಈ ಕೋಡಿಗೂ ಹೆಚ್ಚಾಗಿ ಹೆಸರಿನ ನಂಟಷ್ಟೇ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪೈನ್ ಮರದಲ್ಲಿರುವ ಒಂದು ವಸ್ತುವಿನಿಂದ ವೆನಿಲಿನ್ ತಯಾರಿಸಿದರು. ಈಗ ಬಹುಪಾಲು ಪೆಟ್ರೋಲಿಯಂ ಮೂಲದಿಂದ ಬರುತ್ತದೆ. ಅದು ವಿಷವೇನಲ್ಲ, ಬಿಸ್ಕತ್ತಿಗೆ ಸಾಕು. ಕೋಡಿನಲ್ಲಿ ವೆನಿಲಿನ್ ಜೊತೆಗೆ ಇನ್ನೂ ನೂರಾರು ಸುವಾಸನೆಯ ಅಂಶಗಳಿವೆ, ಬಾಟಲಿಯಲ್ಲಿ ಅವಿಲ್ಲ.

ಅಡುಗೆಯಲ್ಲಿ ಕೋಡಿಗೆ ಜಿಡ್ಡು ಬೇಕು, ನಿಧಾನವಾದ ಬಿಸಿ ಬೇಕು. ಕೋಡನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕಪ್ಪು ಬೀಜ ಕೆರೆದು, ಸಿಪ್ಪೆಯನ್ನೂ ಸೇರಿಸಿ ಗಟ್ಟಿ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಜನ ಬೀಜಕ್ಕೆ ಮಣೆ ಹಾಕುತ್ತಾರೆ, ನಿಜವಾದ ಕಂಪು ಬೀಜದ ಸುತ್ತಲ ಅಂಟಿನಲ್ಲಿ ಮತ್ತು ಸಿಪ್ಪೆಯಲ್ಲಿದೆ. ಒಂದು ಲೀಟರ್ ಹಾಲಿನ ಅಕ್ಕಿ ಪಾಯಸಕ್ಕೆ ಒಂದು ಕೋಡು ಧಾರಾಳ. ಏಲಕ್ಕಿ ಮಾತ್ರ ಹಾಕಬೇಡಿ, ಎರಡೂ ಜಗಳಕ್ಕೆ ನಿಲ್ಲುತ್ತವೆ ಮತ್ತು ಗೆಲ್ಲುವುದು ಏಲಕ್ಕಿಯೇ. ಹಾಲಿನಿಂದ ತೆಗೆದ ಸಿಪ್ಪೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದಿಡಿ. ಕೆಲವು ವಾರಗಳಲ್ಲಿ ಸಕ್ಕರೆಗೆ ಕಂಪು ಹತ್ತುತ್ತದೆ. ಕಸ್ಟರ್ಡಿಗೆ, ಕೇಕಿಗೆ, ಮಕ್ಕಳ ಹಾಲಿಗೆ ಅದು ಚೆನ್ನ. ಬೆಳಗಿನ ಫಿಲ್ಟರ್ ಕಾಫಿಗೆ ಬೇರೆ ಸಕ್ಕರೆ ಇಟ್ಟುಕೊಂಡಿರಿ.