ಪಿಕಪ್ ಗಾಡಿಯ ಗೇರ್ ಆಯಿಲ್ ಮನೆಯಲ್ಲೇ ಬದಲಿಸುವುದು ಹೇಗೆ?

ಲಕ್ಕೂರು ಹೋಬಳಿಯ ಯಾವ ಊರಿಗೆ ಹೋದರೂ ಮನೆ ಮುಂದೆ ನಿಂತ ಒಂದೆರಡು ಪಿಕಪ್ ಗಾಡಿಗಳು ಕಾಣುತ್ತವೆ. ಟೊಮೆಟೊ, ಕೋಸು, ಹೂವು, ಹುಲ್ಲು, ಮಾಲೂರಿನ ಇಟ್ಟಿಗೆ ಮತ್ತು ಹೆಂಚು ಎಲ್ಲವೂ ಸಾಗುವುದು ಇವುಗಳಲ್ಲೇ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಹರಾಜಿನ ಹೊತ್ತಿಗೆ ಮಾಲು ತಲುಪಬೇಕು. ದಾರಿಯಲ್ಲಿ ಗೇರ್ ಬೀಳದೆ ಗಾಡಿ ನಿಂತರೆ ಟೊಮೆಟೊ ನಮಗಾಗಿ ಕಾಯುವುದಿಲ್ಲ.

ನಮ್ಮ ಮನೆಯಲ್ಲೂ ಒಂದು ಪಿಕಪ್ ಇದೆ. ಅದರ ಗೇರ್ ಆಯಿಲನ್ನು ಅಬ್ಬಾ ಮತ್ತು ನಾನು ಸೇರಿ ಮನೆಯಲ್ಲೇ ಬದಲಿಸುತ್ತೇವೆ. ಎಂಜಿನ್ ಆಯಿಲ್ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಅದಕ್ಕೆ ಅಳತೆ ಕಡ್ಡಿ ಇದೆ, ಒತ್ತಡ ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆ. ನಮ್ಮ ಕಡೆಯ ಪಿಕಪ್‌ಗಳ ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಅದು ದೂರು ಹೇಳುವುದು ಒಳಗೆ ಹಾಳಾದ ಮೇಲೆಯೇ. ಆದ್ದರಿಂದ ಅದರ ನೆನಪು ನಮಗೇ ಇರಬೇಕು.

ಮೊದಲು ಈ ಎಣ್ಣೆಯ ಕೆಲಸವೇನು ಎಂದು ನೋಡೋಣ. ಗೇರ್ ಬಾಕ್ಸಿನೊಳಗೆ ಉಕ್ಕಿನ ಹಲ್ಲುಗಳು ಒಂದನ್ನೊಂದು ಒತ್ತಿಕೊಂಡು ತಿರುಗುತ್ತವೆ. ಎಣ್ಣೆಯ ತೆಳುವಾದ ಪೊರೆ ಅವುಗಳ ನಡುವೆ ನಿಂತು ಘರ್ಷಣೆ ಕಡಿಮೆ ಮಾಡುತ್ತದೆ, ಶಾಖವನ್ನು ಹೊರಗಿನ ಕವಚಕ್ಕೆ ಸಾಗಿಸುತ್ತದೆ, ಸವೆದ ಲೋಹದ ಪುಡಿಯನ್ನು ಕೆಳಗೆ ಇಳಿಸುತ್ತದೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಸ್ನಿಗ್ಧತೆ ಎಂಬ ಪಾಠ ಓದಿದ್ದೇವೆ. ದ್ರವ ಬಿಸಿಯಾದಂತೆ ಅದರ ಸ್ನಿಗ್ಧತೆ ಇಳಿಯುತ್ತದೆ. ಡಬ್ಬಿಯ ಮೇಲೆ 80ಡಬ್ಲ್ಯೂ-90 ಎಂದು ಬರೆದಿರುವುದು ಇದನ್ನೇ. ಮೊದಲ ಸಂಖ್ಯೆ ಚಳಿಯಲ್ಲಿ ಎಣ್ಣೆ ಹೇಗಿರುತ್ತದೆ ಎಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತದೆ.

ಅದೇ ಡಬ್ಬಿಯ ಮೇಲೆ ಜಿಎಲ್-4 ಅಥವಾ ಜಿಎಲ್-5 ಎಂದೂ ಇರುತ್ತದೆ. ಸಂಖ್ಯೆ ದೊಡ್ಡದಾದರೆ ಎಣ್ಣೆ ಉತ್ತಮ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್‌ನಂತಹ ಅತಿ ಒತ್ತಡದ ಜಾಗಕ್ಕೆ ಅದು ಸರಿ. ಆದರೆ ಗೇರ್ ಬಾಕ್ಸಿನೊಳಗೆ ಗೇರ್ ಸಲೀಸಾಗಿ ಬೀಳಲು ಸಹಾಯ ಮಾಡುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುತ್ತವೆ. ಇಂಥ ಹಳದಿ ಲೋಹಗಳಿಗೆ ಆ ಸಂಯುಕ್ತಗಳು ಹಾನಿ ಮಾಡಬಲ್ಲವು. ಹಾಗಾಗಿ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವ ದರ್ಜೆ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೊಮ್ಮೆ ಎಂದು ಬರೆದಿದೆಯೋ ಅದೇ ಕೊನೆಯ ಮಾತು. ಸದಾ ಭಾರ ಹೊರುವ ಗಾಡಿಗೆ ಸ್ವಲ್ಪ ಮುಂಚೆಯೇ ಬದಲಿಸುವುದು ಒಳ್ಳೆಯದು.

ಈಗ ಕೆಲಸದ ಕ್ರಮ.

ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ತನ್ನಿ. ಬೆಚ್ಚಗಿನ ಎಣ್ಣೆ ಬೇಗ ಇಳಿಯುತ್ತದೆ, ಅದರೊಳಗಿನ ಪುಡಿಯೂ ಜೊತೆಗೇ ಬರುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಳ್ಳಿ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಇರುವುದರಿಂದ ಅದು ಆರುವವರೆಗೆ ಕಾಯಿರಿ. ಪಿಕಪ್ ಎತ್ತರವಾಗಿರುವುದರಿಂದ ಸಾಮಾನ್ಯವಾಗಿ ಜಾಕ್ ಬೇಕಾಗುವುದಿಲ್ಲ. ಬೇಕೇ ಆದರೆ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಇಟ್ಟಿಗೆಯ ಆಧಾರವೂ ಬೇಡ, ಅದು ಒಮ್ಮೆಲೇ ಒಡೆಯುತ್ತದೆ.

ಗೇರ್ ಬಾಕ್ಸಿಗೆ ಎರಡು ಪ್ಲಗ್‌ಗಳಿರುತ್ತವೆ. ಪಕ್ಕದಲ್ಲಿ ಮೇಲಿರುವುದು ಎಣ್ಣೆ ತುಂಬುವುದಕ್ಕೆ, ತಳದಲ್ಲಿರುವುದು ಇಳಿಸುವುದಕ್ಕೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇಲ್ಲಿದೆ: ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್ ಮುಟ್ಟಿ. ವರ್ಷಗಟ್ಟಲೆ ಕೆಸರು ಕುಡಿದ ಪ್ಲಗ್ ತುಕ್ಕು ಹಿಡಿದು ಬಿಗಿದುಕೊಂಡಿರಬಹುದು. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ತುಂಬುವ ಪ್ಲಗ್ ಬಿಚ್ಚಲು ಬರದಿದ್ದರೆ, ಗ್ಯಾರೇಜಿಗೆ ಓಡಿಸಿಕೊಂಡು ಹೋಗಲೂ ಆಗದ ಖಾಲಿ ಗೇರ್ ಬಾಕ್ಸ್ ನಮ್ಮ ಮುಂದಿರುತ್ತದೆ. ಮೇಲಿನದು ಮೊದಲೇ ಬಿಚ್ಚದಿದ್ದರೆ ಏನೂ ನಷ್ಟವಿಲ್ಲ, ಹಳೆಯ ಎಣ್ಣೆಯಲ್ಲೇ ಗ್ಯಾರೇಜಿಗೆ ಹೋಗಬಹುದು.

ಕೆಳಗೆ ಅಗಲವಾದ ಟಬ್ ಇಟ್ಟು ಇಳಿಸುವ ಪ್ಲಗ್ ಬಿಚ್ಚಿ. ಬಂದ ಎಣ್ಣೆಯನ್ನು ಗಮನಿಸಿ. ಕಪ್ಪಾಗಿದ್ದರೆ ಹಳೆಯದಾಗಿದೆ ಅಷ್ಟೇ. ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದರ್ಥ. ತುಂಬಿದ ಹಳ್ಳ ದಾಟಿದ ಗಾಡಿಗಳಲ್ಲಿ ಹೀಗಾಗುವುದುಂಟು. ಹಲವು ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತವಿರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ. ಚೂರುಗಳು, ಹಲ್ಲಿನ ತುಣುಕುಗಳು ಸಿಕ್ಕರೆ ಹೊಸ ಎಣ್ಣೆಯಿಂದ ರೋಗ ವಾಸಿಯಾಗದು, ಮೆಕ್ಯಾನಿಕ್ ಅವರನ್ನೇ ಕಾಣಬೇಕು.

ಎಣ್ಣೆ ಪೂರ್ತಿ ಇಳಿದ ಮೇಲೆ ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಇಲ್ಲೂ ಒಂದು ಲೆಕ್ಕವಿದೆ. 20 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ 150 ನ್ಯೂಟನ್ ಬಲ ಹಾಕಿದರೆ ಟಾರ್ಕ್ 30 ನ್ಯೂಟನ್ ಮೀಟರ್. ಅದಕ್ಕೆ ಪೈಪು ಸಿಕ್ಕಿಸಿ ಉದ್ದವನ್ನು 60 ಸೆಂಟಿಮೀಟರ್ ಮಾಡಿದರೆ ಅದೇ ಕೈಬಲಕ್ಕೆ 90 ನ್ಯೂಟನ್ ಮೀಟರ್ ಆಗುತ್ತದೆ. ಹಲವು ಗೇರ್ ಬಾಕ್ಸ್‌ಗಳ ಕವಚ ಅಲ್ಯೂಮಿನಿಯಂನದು. ಉಕ್ಕಿನ ಪ್ಲಗ್ಗನ್ನು ಮಿತಿಮೀರಿ ಬಿಗಿದರೆ ಅದರ ಮರೆ ಕಿತ್ತುಹೋಗುತ್ತದೆ. ಬಿಚ್ಚುವಾಗ ಪೈಪು ಇರಲಿ, ಬಿಗಿಯುವಾಗ ಬೇಡ.

ನಂತರ ಕೈಪಂಪಿನಿಂದಲೋ, ಉದ್ದ ಕೊಳವೆ ಸಿಕ್ಕಿಸಿದ ಆಲಿಕೆಯಿಂದಲೋ ಹೊಸ ಎಣ್ಣೆಯನ್ನು ನಿಧಾನವಾಗಿ ತುಂಬಿ. ಸಾಮಾನ್ಯವಾಗಿ ತುಂಬುವ ರಂಧ್ರದ ಕೆಳ ಅಂಚಿಗೆ ಎಣ್ಣೆ ಮುಟ್ಟಿ ಹೊರಗೆ ಜಿನುಗಿದರೆ ಮಟ್ಟ ಸರಿಯಾಗಿದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು ಎಂದದ್ದು ಇದಕ್ಕೇ. ಮುಂಭಾಗ ಮಾತ್ರ ಎತ್ತಿದ್ದರೆ ಈ ಮಟ್ಟ ಸುಳ್ಳು ಹೇಳುತ್ತದೆ. ಪ್ಲಗ್ ಹಾಕಿ, ಸ್ವಲ್ಪ ದೂರ ಓಡಿಸಿ, ಸೋರುತ್ತಿದೆಯೇ ಎಂದು ನೋಡಿ. ಮರುದಿನ ಬೆಳಿಗ್ಗೆ ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿ.

ಇದೆಲ್ಲ ಕೈಯಿಂದ ಗೇರ್ ಹಾಕುವ ಗಾಡಿಗಳ ಮಾತು. ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನಂತಹ ಪಿಕಪ್‌ಗಳು ಆಟೋಮ್ಯಾಟಿಕ್ ಗೇರಿನಲ್ಲೂ ಬರುತ್ತವೆ. ಅವುಗಳಲ್ಲಿ ಎಣ್ಣೆ ಬರೀ ಜಾರಿಸುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ಸಾಗಿಸುತ್ತದೆ ಮತ್ತು ಒತ್ತಡದಿಂದ ಗೇರನ್ನೂ ಬದಲಿಸುತ್ತದೆ. ತಳದ ಪ್ಲಗ್ ಬಿಚ್ಚಿದರೆ ಎಣ್ಣೆಯ ಒಂದು ಪಾಲು ಮಾತ್ರ ಇಳಿಯುತ್ತದೆ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಮಟ್ಟವನ್ನು ಸಾಮಾನ್ಯವಾಗಿ ಎಂಜಿನ್ ಚಾಲೂ ಇಟ್ಟು, ಕಂಪನಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಆ ಕೆಲಸ ಬಲ್ಲವರಿಗೇ ಇರಲಿ.

ಕೊನೆಗೆ ಉಳಿಯುವುದು ಟಬ್ಬಿನಲ್ಲಿರುವ ಹಳೆಯ ಎಣ್ಣೆ. ನಮ್ಮ ಕಡೆ ಅದನ್ನು ಚರಂಡಿಗೆ ಚೆಲ್ಲುವವರಿದ್ದಾರೆ, ಗೆದ್ದಲು ಬಾರದಿರಲೆಂದು ಬೇಲಿ ಕಂಬಕ್ಕೆ ಬಳಿಯುವವರೂ ಇದ್ದಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಒಂದು ಸಲ ಬದಲಿಸಿದ ಎಂಜಿನ್ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಗೇರ್ ಆಯಿಲನ್ನು ನೆಲಕ್ಕೆ ಚೆಲ್ಲುವುದೂ ಅಂಥದ್ದೇ ತಪ್ಪು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆದಿದ್ದೇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ತಂದು ಕೆರೆ ತುಂಬಿಸುತ್ತಿದ್ದೇವೆ. ಇಷ್ಟು ಕಷ್ಟದಿಂದ ಬಂದ ನೀರಿಗೆ ನಾವೇ ಎಣ್ಣೆ ಸುರಿಯುವುದು ನ್ಯಾಯವಲ್ಲ. ಹಳೆಯ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಡಬ್ಬಿಗೇ ಸುರಿದು, ಮುಚ್ಚಳ ಬಿಗಿದು, ಹಳೆಯ ಎಣ್ಣೆ ಸಂಗ್ರಹಿಸಿ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ನೀರು, ಡೀಸೆಲ್ ಏನನ್ನೂ ಅದಕ್ಕೆ ಬೆರೆಸಬೇಡಿ.

ಮನೆಯಲ್ಲಿ ಗಾಡಿ ಇರುವ ಗೆಳೆಯ ಗೆಳತಿಯರೇ, ಈ ವಾರ ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಗೇರ್ ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ? ಉತ್ತರ ಸಿಗದಿದ್ದರೆ ಈಗಲೇ ಬದಲಿಸುವ ಏರ್ಪಾಡು ಮಾಡಿ. ಬದಲಿಸಿದ ದಿನಾಂಕ ಮತ್ತು ಮೀಟರಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳ ಜೊತೆ ಇಟ್ಟುಬಿಡಿ. ದೀಪವಿಲ್ಲದ ಗೇರ್ ಬಾಕ್ಸಿಗೆ ಆ ಚೀಟಿಯೇ ದೀಪ.