ಬಟ್ಟಲು ಗಾಳಿಯನ್ನೂ ಅಳೆಯುತ್ತದೆ

ಬಾಳೆಹಣ್ಣನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಒಂದು ಕಪ್ ತುಂಬಿದರೆ ಸುಮಾರು 150 ಗ್ರಾಂ ತೂಗುತ್ತದೆ. ಅದೇ ಹಣ್ಣನ್ನು ಹಿಸುಕಿ ತುಂಬಿದರೆ 225 ಗ್ರಾಂ. ಇದು ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕ ಕೊಡುವ ಲೆಕ್ಕ. ಕಪ್ ಎಂದರೆ ಅಲ್ಲಿಯ ಅಡುಗೆ ಅಳತೆ, ಸುಮಾರು 237 ಮಿಲಿಲೀಟರ್. ಹಣ್ಣು ಬದಲಾಗಲಿಲ್ಲ, ಕಪ್ಪೂ ಬದಲಾಗಲಿಲ್ಲ. ಆದರೂ ತೂಕ ಒಂದೂವರೆ ಪಟ್ಟಾಯಿತು.

ಇದಕ್ಕೆ ಕಾರಣ ಬಿಲ್ಲೆಗಳ ನಡುವಿನ ಸಂದಿ. ಒಂದೇ ಗಾತ್ರದ ಗುಂಡುಗಳನ್ನು ಪಾತ್ರೆಗೆ ಸುರಿದು ಕುಲುಕಿದರೆ ಅವು ತುಂಬುವುದು ಶೇ. 64ರಷ್ಟು ಜಾಗವನ್ನು ಮಾತ್ರ, ಉಳಿದದ್ದು ಗಾಳಿ. ಪಾತ್ರೆ ಸಾಕಷ್ಟು ದೊಡ್ಡದಿದ್ದರೆ ಗುಂಡು ಚಿಕ್ಕದಾದರೂ ದೊಡ್ಡದಾದರೂ ಈ ಪ್ರಮಾಣ ಬದಲಾಗದು ಎಂಬುದು ನನಗೆ ಇಂದಿಗೂ ಸೋಜಿಗ. ಬೀಜವಿಲ್ಲದ ದ್ರಾಕ್ಷಿ ಒಂದು ಕಪ್‌ಗೆ 151 ಗ್ರಾಂ ತೂಗುತ್ತದೆ: 237ರ ಶೇ. 64 ಹೆಚ್ಚುಕಡಿಮೆ ಅಷ್ಟೇ! ಸ್ಟ್ರಾಬೆರಿಯಂಥ ದಪ್ಪ ಹಣ್ಣಾದರೆ ಕಪ್ಪಿನ ಗೋಡೆಯ ಬಳಿ ಇನ್ನಷ್ಟು ಜಾಗ ಖಾಲಿ ಉಳಿಯುತ್ತದೆ. ಹಣ್ಣಿನೊಳಗೂ ಗಾಳಿ ಇರುವುದುಂಟು; ಸೇಬು ನೀರಿನಲ್ಲಿ ತೇಲುವುದು ಅದರಿಂದಲೇ.

ಹಾಗಾದರೆ ನಮ್ಮ ಪಾವು, ಸೇರುಗಳು? ಅಕ್ಕಿಬೇಳೆಗೆ ಅವು ಚೆನ್ನಾಗಿಯೇ ಒಪ್ಪುತ್ತವೆ. ಕಾಳು ಸಣ್ಣದು, ಎಲ್ಲವೂ ಸುಮಾರು ಒಂದೇ ಗಾತ್ರ. ಮೇಲೆ ಅಂಗೈ ಸವರಿ ಅಳೆದರೆ ಪ್ರತಿ ಸಲವೂ ಸಂದಿಯ ಪಾಲು ಅಷ್ಟೇ ಇರುತ್ತದೆ. ಹಣ್ಣಿನ ಹೋಳಿಗೆ ಈ ಶಿಸ್ತಿಲ್ಲ.

ಗಾಳಿಗೆ ಮೋಸಹೋಗದ ಯಂತ್ರವೆಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಅದರ ತಟ್ಟೆಯ ಕೆಳಗೆ ಬೆರಳುದ್ದದ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಒಂದು ತುದಿ ತಳಕ್ಕೆ ಬಿಗಿದಿರುತ್ತದೆ, ಇನ್ನೊಂದು ತುದಿ ತಟ್ಟೆಯನ್ನು ಹೊರುತ್ತದೆ. ಪಟ್ಟಿಯ ನಡುವೆ ತೂತು ಕೊರೆದು ತೆಳುವಾಗಿಸಿದ ಕಡೆ, ಹಾವಿನಂತೆ ಸುತ್ತಿಬಳಸಿದ ಲೋಹದ ಎಳೆಯನ್ನು ಅಂಟಿಸಿರುತ್ತಾರೆ. ಇದು ಸ್ಟ್ರೇನ್ ಗೇಜ್. ಹಣ್ಣಿಟ್ಟಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಳೆ ಹಿಗ್ಗಿದರೆ ತೆಳ್ಳಗಾಗಿ ಅದರ ವಿದ್ಯುತ್ ರೋಧ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ. ಇದರಿಂದ ಹುಟ್ಟುವ ಕೆಲವೇ ಮಿಲಿವೋಲ್ಟ್ ವ್ಯತ್ಯಾಸವನ್ನು ಒಳಗಿನ ಚಿಪ್ ಹಿಗ್ಗಿಸಿ ಗ್ರಾಂಗಳಲ್ಲಿ ತೋರಿಸುತ್ತದೆ. 1938ರ ಸುಮಾರಿಗೆ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆಬೇರೆಯಾಗಿ ಕಂಡುಕೊಂಡ ಉಪಾಯವಿದು. ಖಾಲಿ ಪಾತ್ರೆ ಇಟ್ಟು ‘ಟೇರ್’ ಗುಂಡಿ ಒತ್ತಿದರೆ ಪಾತ್ರೆಯ ತೂಕವನ್ನೂ ಅದೇ ಕಳೆಯುತ್ತದೆ.

ಜಾಮ್ ಮಾಡುವಾಗ ಕಪ್ಪಿನ ಅಳತೆಯ ಈ ವ್ಯತ್ಯಾಸ ರುಚಿಯನ್ನು ಮಾತ್ರವಲ್ಲ, ಬಾಳಿಕೆಯನ್ನೂ ನಿರ್ಧರಿಸುತ್ತದೆ. ‘ಒಂದು ಕಪ್ ಸ್ಟ್ರಾಬೆರಿ, ಒಂದು ಕಪ್ ಸಕ್ಕರೆ’ ಎಂದು ಬರೆದಿದೆ ಎನ್ನಿ. ಸಕ್ಕರೆ 200 ಗ್ರಾಂ. ಹಣ್ಣು ಇಡಿಯಾಗಿದ್ದರೆ 144 ಗ್ರಾಂ, ರುಬ್ಬಿದ್ದರೆ 232. ಮೊದಲನೆಯದರಲ್ಲಿ ಹಾಕಿದ ಸಕ್ಕರೆಯ ಪಾಲು ಶೇ. 58, ಎರಡನೆಯದರಲ್ಲಿ ಶೇ. 46. ಎರಡನ್ನೂ ಅಷ್ಟೇ ಹೊತ್ತು ಕುದಿಸಿದರೆ ಎರಡನೆಯದು ತೆಳ್ಳಗೆ ಉಳಿದು ಬೇಗ ಬೂಸ್ಟು ಹಿಡಿಯಬಹುದು. ಬೂಸ್ಟಿಗೆ ಬೇಕಾದ ನೀರನ್ನು ಸಕ್ಕರೆ ಹಿಡಿದಿಡಬೇಕು. ನಮ್ಮ ಆಹಾರ ನಿಯಮ ಜಾಮಿನಲ್ಲಿ ಕರಗಿದ ಘನಾಂಶ ತೂಕದ ಶೇ. 65ಕ್ಕೆ ಕಡಿಮೆ ಇರಬಾರದು ಎನ್ನುವುದೂ ಇದಕ್ಕೇ.

ಮನೆಯ ಅಡುಗೆ ಪುಸ್ತಕದಲ್ಲಿ ಹಣ್ಣಿನ ಅಳತೆಯನ್ನು ಗ್ರಾಂಗಳಲ್ಲೇ ಬರೆದಿಡಿ, ಸಿಪ್ಪೆ ಓಟೆ ತೆಗೆದ ಮೇಲಿನ ತೂಕವನ್ನು. ತಕ್ಕಡಿ ಇಲ್ಲದವರು ಹಣ್ಣನ್ನು ಮೊದಲು ರುಬ್ಬಿ, ಆಮೇಲೆ ಅಳೆಯಲಿ. ಸಂದಿಯಿಲ್ಲದ ಹಣ್ಣಿನ ತಿರುಳು ಒಂದು ಮಿಲಿಲೀಟರ್‌ಗೆ ಸರಿಸುಮಾರು ಒಂದು ಗ್ರಾಂ ತೂಗುತ್ತದೆ.