ಗುಂಡು ಹಾರದಿದ್ದಾಗ
1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಪುಣೆಯ ಬಾಲೇವಾಡಿ ಕ್ರೀಡಾ ಸಂಕುಲದಲ್ಲಿ ನನ್ನ ಭಾನುವಾರದ ಶೂಟಿಂಗ್ ಅಭ್ಯಾಸ. ಮೊನ್ನೆ .22 ಪಿಸ್ತೂಲಿನ ಟ್ರಿಗರ್ ಒತ್ತಿದೆ, ಬರೀ ‘ಕ್ಲಿಕ್’. ಕಂಪ್ಯೂಟರ್ ನಿಂತರೆ ರೀಸ್ಟಾರ್ಟ್ ಒತ್ತುವ ಎಂಜಿನಿಯರ್ ಕೈ. ಬೋಲ್ಟ್ ಎಳೆಯಲು ಹೋಯಿತು.

“ಥಾಂಬಾ!” ಎಂದರು ಮರಾಠಿ ಕೋಚ್. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು; ಮೂತಿ ಗುರಿಯತ್ತಲೇ ಇಟ್ಟು ಅರ್ಧ ನಿಮಿಷ ಕಾಯಬೇಕು. ಸ್ಪರ್ಧೆಯಲ್ಲಾದರೆ ಕೈಯೆತ್ತಿ ರೇಂಜ್ ಅಧಿಕಾರಿಯನ್ನು ಕರೆಯಬೇಕು. ಅವರು ನೋಡುವ ಮೊದಲೇ ಬೋಲ್ಟ್ ತೆರೆದರೆ ಮರುಅವಕಾಶವಿಲ್ಲ.

ಕಾದು, ಮ್ಯಾಗಜಿನ್ ತೆಗೆದು, ಕಾಡತೂಸು ಹೊರತೆಗೆದು ನೋಡಿದರೆ ಅಂಚಿನಲ್ಲಿ ಪಿನ್ನಿನ ಗುರುತು ಮಸುಕು. ಮಸಿ, ಮೇಣ ಕಟ್ಟಿಕೊಂಡು ಫೈರಿಂಗ್ ಪಿನ್ ಬಿಗಿಯಾಗಿತ್ತು. ತಿಂಗಳಿಂದ ಶುಚಿ ಮಾಡದ ತಪ್ಪು ನನ್ನದೇ.

ಸೋಮವಾರ ಆಫೀಸಿನಲ್ಲಿ ಸರ್ವರ್ ನಿಂತಿತು. ರೀಸ್ಟಾರ್ಟ್ ಮಾಡಲಿಲ್ಲ, ಮೊದಲು ಲಾಗ್ ಓದಿದೆ.